ಮೈಸೂರಿನ ಗೋಕುಲಂ ಹತ್ತಿರದ ಫ್ಲ್ಯಾಗ್ ಫುಟ್‌ಬಾಲ್ ಕ್ಲಾಸ್: ಆಡಿದವರಿಗೆ ಕಲಿಸೋಕೂ ಬರುತ್ತಾ?

ಮೊದಲೇ ಹೇಳಿಬಿಡುತ್ತೇನೆ. ಫ್ಲ್ಯಾಗ್ ಫುಟ್‌ಬಾಲ್ ಅಂದರೆ ಅಮೆರಿಕನ್ ಫುಟ್‌ಬಾಲನ್ನೇ ಯಾರನ್ನೂ ಬೀಳಿಸದೆ ಆಡುವ ಬಗೆ. ಕ್ಲಾಸ್ ಚೆನ್ನಾಗಿದೆ, ಮಕ್ಕಳಿಗೆ ಓಡಾಡುವ ಆಸೆ ಇದ್ದರೆ ಧೈರ್ಯವಾಗಿ ಸೇರಿಸಿ. ಕೊರತೆಗಳೂ ಇವೆ, ಅವನ್ನೂ ಕೆಳಗೆ ಬರೆದಿದ್ದೇನೆ. ಮಗಳ ಸ್ಕೂಲಿನ ಅಮ್ಮಂದಿರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬೊಬ್ಬರು ಒಂದೊಂದು ಕೇಳುತ್ತಿದ್ದಾರೆ. ಕೈಕಾಲು ಮುರಿಯಲ್ವಾ, ಹೆಣ್ಣುಮಕ್ಕಳಿಗೆ ಆಗುತ್ತಾ, ಆ ಅಮೆರಿಕದ ಕೋಚ್‌ಗೆ ಕನ್ನಡ ಬರುತ್ತಾ, ಅವರು ನಿಜವಾಗಲೂ ಆಟಗಾರರೇನಾ ಅಂತ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಉದ್ದಕ್ಕೆ ಬರೆದುಬಿಡೋಣ ಅನ್ನಿಸಿತು.

ಕ್ಲಾಸ್ ನಡೆಯೋದು ಗೋಕುಲಂಗೂ ಒಂಟಿಕೊಪ್ಪಲಿಗೂ ನಡುವೆ ಇರುವ ಒಂದು ಶಾಲೆಯ ಮೈದಾನದಲ್ಲಿ. ಶನಿವಾರ, ಭಾನುವಾರ ಬೆಳಗ್ಗೆ ಆರೂವರೆಯಿಂದ ಎಂಟೂವರೆವರೆಗೆ. 10ರಿಂದ 16 ವರ್ಷದ ಮಕ್ಕಳು. ಹುಡುಗರು, ಹುಡುಗಿಯರು ಒಟ್ಟಿಗೇ ಆಡುತ್ತಾರೆ. ಕೋಚ್ ಅಮೆರಿಕದವರು, ಅಲ್ಲಿ ಕೆಲವು ವರ್ಷ ಸಂಬಳಕ್ಕೆ ಅಮೆರಿಕನ್ ಫುಟ್‌ಬಾಲ್ ಆಡಿದವರು. ಮಂಡಿ ಕೈಕೊಟ್ಟಿತು, ಆಟ ಬಿಟ್ಟರು. ಊರಿನ ಹೈಸ್ಕೂಲಿನಲ್ಲಿ ಸ್ವಲ್ಪ ಕಾಲ ಮಕ್ಕಳಿಗೆ ಕಲಿಸಿದರು. ಆಮೇಲೆ ಗೋಕುಲಂಗೆ ಬರುವ ಎಷ್ಟೋ ವಿದೇಶಿಯರ ಹಾಗೆ ಯೋಗ ಕಲಿಯೋಕೆ ಬಂದು, ಇಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಇಲ್ಲೇ ಉಳಿದರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಬೀದಿಯವರಿಗೆ ಅವರು 'ಅಳಿಯಂದ್ರು'. ಮಕ್ಕಳಿಗೆ ಕೋಚ್. ಜೊತೆಗೆ ಬಿ.ಪಿ.ಎಡ್ (ದೈಹಿಕ ಶಿಕ್ಷಣ) ಓದುತ್ತಿರುವ ನಮ್ಮ ಕಡೆಯ ಹುಡುಗನೊಬ್ಬ ಸಹಾಯಕ. ಅವನನ್ನು ಎಲ್ಲರೂ ಅಣ್ಣ ಅಂತಾರೆ. ಕೋಚ್‌ಗೆ ಕನ್ನಡ ಅಷ್ಟಕ್ಕಷ್ಟೇ, ಓಡು, ನಿಲ್ಲು, ಇನ್ನೊಂದ್ಸಲ, ಪರ್ವಾಗಿಲ್ಲ, ಇಷ್ಟು ಬರುತ್ತದೆ. ಉಳಿದಿದ್ದನ್ನು ಅಣ್ಣ ಹೇಳುತ್ತಾನೆ. ಕನ್ನಡ ಮೀಡಿಯಂ ಮಕ್ಕಳು ಅರ್ಧದಷ್ಟಿದ್ದಾರೆ, ಅವರು ಯಾರೂ ಹಿಂದೆ ಬಿದ್ದಿಲ್ಲ. ಇದಕ್ಕೆ ಪೂರ್ತಿ ಮಾರ್ಕ್ಸ್ ಆ ಹುಡುಗನಿಗೇ ಕೊಡಬೇಕು.

ಈಗ ಭಯದ ವಿಷಯ. ಟಿವಿಯಲ್ಲಿ ನೋಡಿರುತ್ತೀರಲ್ಲ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ, ಇದು ಅದಲ್ಲ. ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ ತಂಡಕ್ಕೆ 5 ಜನ. ಸೊಂಟಕ್ಕೆ ಒಂದು ಬೆಲ್ಟ್, ಎರಡೂ ಪಕ್ಕ ಒಂದೊಂದು ಪಟ್ಟಿ ನೇತಾಡುತ್ತಿರುತ್ತದೆ. ಚೆಂಡು ಹಿಡಿದು ಓಡುವವರ ಪಟ್ಟಿಯನ್ನು ಎದುರಾಳಿ ಕಿತ್ತರೆ ಆಟ ಅಲ್ಲಿಗೆ ನಿಂತಿತು. ಮೈ ಮುಟ್ಟಿ ಬೀಳಿಸುವ ಹಾಗಿಲ್ಲ, ತಳ್ಳುವ ಹಾಗಿಲ್ಲ, ಓಡುವವರು ಕೈಯಿಂದ ಪಟ್ಟಿ ಮುಚ್ಚಿಕೊಳ್ಳುವ ಹಾಗೂ ಇಲ್ಲ. ಅರ್ಧ ಮೈದಾನ ದಾಟಲು ನಾಲ್ಕು ಅವಕಾಶ, ದಾಟಿದರೆ ಕೊನೆಯ ಗೆರೆ ಮುಟ್ಟಲು ಮತ್ತೆ ನಾಲ್ಕು. ಮುಟ್ಟಿದರೆ 6 ಅಂಕ. ಇಷ್ಟೇ ಆಟ. ಮಂಡಿ ತರಚುತ್ತದೆ, ಬೆರಳು ಉಳುಕುತ್ತದೆ, ಅದು ಖೋಖೋದಲ್ಲೂ ಇದ್ದದ್ದೇ.

ತಲೆ ಪೆಟ್ಟಿನ ಬಗ್ಗೆ ಕೋಚ್ ತಾವಾಗೇ ಮಾತೆತ್ತಿದರು, ನಾವು ಕೇಳಬೇಕಾಗಿ ಬರಲಿಲ್ಲ. ಆ ಹೆಲ್ಮೆಟ್ ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳಿಂದ ಆಮೇಲೆ ಕಾಯಿಲೆ ಬಂತು ಅಂತ ಸಾವಿರಾರು ಮಾಜಿ ಆಟಗಾರರು ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಲೀಗ್ ಮೇಲೆ ಕೋರ್ಟಿಗೆ ಹೋಗಿದ್ದರು, 2013ರಲ್ಲಿ ಲೀಗ್ ಪರಿಹಾರ ಕೊಡಲು ಒಪ್ಪಿತು. ಅದನ್ನು ಅವರು ಮೊದಲ ದಿನವೇ ಅಪ್ಪ ಅಮ್ಮಂದಿರಿಗೆಲ್ಲ ಬಿಡಿಸಿ ಹೇಳಿದರು. ನನ್ನ ಕ್ಲಾಸಿನಲ್ಲಿ ಟ್ಯಾಕಲ್, ಅಂದರೆ ಹಿಡಿದು ಬೀಳಿಸೋದು, ಯಾವತ್ತೂ ಇರಲ್ಲ, ತಮಾಷೆಗೂ ಇರಲ್ಲ ಅಂದರು. ಹಾಗೇ ನಡೆದುಕೊಂಡಿದ್ದಾರೆ.

ಇನ್ನೊಂದು ವಿಷಯ ಗೊತ್ತಿರಲಿ. ಇದು ಒಲಿಂಪಿಕ್ಸ್‌ಗೆ ಬರುತ್ತಿದೆ. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಫ್ಲ್ಯಾಗ್ ಫುಟ್‌ಬಾಲ್ ಸೇರಿಸಬೇಕು ಅಂತ ತೀರ್ಮಾನ ಆಗಿದ್ದು 2023ರ ಅಕ್ಟೋಬರ್‌ನಲ್ಲಿ, ಅದೂ ನಮ್ಮ ಮುಂಬೈನಲ್ಲಿ ನಡೆದ ಸಭೆಯಲ್ಲಿ. ಕ್ರಿಕೆಟ್ ಸೇರಿದ್ದೂ ಅಲ್ಲೇ. ಗಂಡಸರಿಗೂ ಹೆಂಗಸರಿಗೂ ಸ್ಪರ್ಧೆ ಇದೆ. ಹಾಗಂತ ಒಲಿಂಪಿಕ್ಸ್ ಆಸೆ ಇಟ್ಟುಕೊಂಡು ಮಕ್ಕಳನ್ನು ಇಲ್ಲಿಗೆ ತಳ್ಳಬೇಡಿ. ಕೋಚ್‌ಗೂ ಆ ಮಾತು ಇಷ್ಟವಿಲ್ಲ.

ಈಗ ನನಗೆ ಮುಖ್ಯ ಅನ್ನಿಸಿದ್ದಕ್ಕೆ ಬರುತ್ತೇನೆ. ಆಡೋದು ಬೇರೆ, ಆಡಿಸೋದು ಬೇರೆ. ಇದು ಎಲ್ಲರೂ ಹೇಳುವ ಮಾತೇ. ಆದರೆ ಫೀಸ್ ಕಟ್ಟುವಾಗ ನಾವು ಯಾರೂ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ. 'ಮಾಜಿ ಆಟಗಾರರಿಂದ ತರಬೇತಿ' ಅಂತ ಬ್ಯಾನರ್ ಕಂಡರೆ ಸಾಕು, ಸೇರಿಸುತ್ತೇವೆ. ಹಿಂದೊಂದು ಬೇಸಿಗೆ ಶಿಬಿರಕ್ಕೆ ಮಗಳನ್ನು ಕಳಿಸಿದ್ದೆವು, ಬೇರೆ ಆಟ, ಬೇರೆ ಜಾಗ. ಅಲ್ಲಿಯ ಸರ್ ಒಳ್ಳೆಯ ಆಟಗಾರರೇ ಆಗಿದ್ದರು. ಅರ್ಧ ಹೊತ್ತು ತಾವೇ ಆಡಿ ತೋರಿಸುತ್ತಿದ್ದರು, ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾ ಸಾಲಿನಲ್ಲಿ ನಿಂತಿರುತ್ತಿದ್ದರು. ಮಗಳಿಗೆ ಒಂದು ಬೆಳಗ್ಗೆಗೆ ಚೆಂಡು ಸಿಗುತ್ತಿದ್ದದ್ದೇ ಒಂದೆರಡು ಸಲ.

ಇಲ್ಲಿ ಮೊದಲ ವಾರ ನಾನು ನೋಡಿದ್ದೇ ಬೇರೆ. ಬೇಲಿ ಪಕ್ಕ ನಿಂತಿದ್ದ ಒಬ್ಬ ತಂದೆ ಕೂಗಿದರು, "ಸರ್, ನೀವೊಂದ್ಸಲ ಎಸೆದು ತೋರಿಸಿ, ನಾವೂ ನೋಡೋಣ!" ಕೋಚ್ ನಕ್ಕು ಏನೋ ಅಂದರು. ಅಣ್ಣ ಅದನ್ನು ಕನ್ನಡದಲ್ಲಿ ಹೇಳಿದ, "ಅವರ ತೋಳು ಆಗಲೇ ಸಂಪಾದನೆ ಮಾಡಿ ಮುಗಿಸಿದೆಯಂತೆ ಸರ್, ಈಗ ಮಕ್ಕಳ ತೋಳು ಕೆಲಸ ಮಾಡಲಿ ಅಂತಾರೆ." ಆಮೇಲೂ ಗಮನಿಸಿದ್ದೇನೆ, ಅವರು ಚೆಂಡು ಎಸೆಯೋದು ಬಹಳ ಕಮ್ಮಿ. ಇಬ್ಬಿಬ್ಬರಿಗೆ ಒಂದು ಚೆಂಡು ಕೊಟ್ಟು, ನಡುವೆ ಓಡಾಡಿಕೊಂಡು, ಒಂದು ಮಗುವಿನ ಬೆರಳನ್ನು ಚೆಂಡಿನ ದಾರದ ಮೇಲೆ ಸರಿಯಾಗಿ ಕೂರಿಸಿ, ಇನ್ನೊಂದರ ಮೊಣಕೈ ಎತ್ತಿಸಿ ಮುಂದೆ ಹೋಗುತ್ತಾರೆ. ಎದೆಗಿಂತ ಮೇಲೆ ಬರುವ ಚೆಂಡಿಗೆ ಹೆಬ್ಬೆರಳು ಒಟ್ಟಿಗೆ, ಸೊಂಟದ ಕೆಳಗೆ ಬಂದರೆ ಕಿರುಬೆರಳು ಒಟ್ಟಿಗೆ. ಇಷ್ಟನ್ನೇ ವಾರಗಟ್ಟಲೆ ಮಾಡಿಸಿದರು. ಮನೆಯಲ್ಲಿ ಮಗಳು ದಿಂಬು ಎಸೆದು ಹಿಡಿಯುತ್ತಿದ್ದಳು.

ಇಷ್ಟು ತಾಳ್ಮೆ ಎಲ್ಲಿಂದ ಬಂತು ಅಂತ ಒಂದು ದಿನ ಕ್ಲಾಸ್ ಮುಗಿದ ಮೇಲೆ ಟೀ ಕುಡಿಯುತ್ತಾ ಕೇಳಿದೆ. ಅವರು ಹೇಳಿದ್ದು ನನಗೆ ತುಂಬಾ ಹಿಡಿಸಿತು. ಎನ್‌ಎಫ್‌ಎಲ್ ತಂಡಗಳಲ್ಲಿ ಮುಖ್ಯ ಪಟ್ಟಿಯಲ್ಲಿ 53 ಆಟಗಾರರು ಇರುತ್ತಾರೆ. ಅದರ ಹೊರಗೆ ಪ್ರಾಕ್ಟೀಸ್ ಸ್ಕ್ವಾಡ್ ಅಂತ ಒಂದಿಷ್ಟು ಜನ. ಅವರಿಗೆ ವಾರದ ಸಂಬಳ ಇದೆ, ವಾರವೆಲ್ಲ ಅಭ್ಯಾಸ ಇದೆ, ಆದರೆ ಮ್ಯಾಚ್ ದಿನ ಹೆಚ್ಚಿನವರಿಗೆ ಆಟ ಇಲ್ಲ. ಅವರ ಕೆಲಸ ಏನಪ್ಪಾ ಅಂದರೆ, ಮುಂದಿನ ಭಾನುವಾರದ ಎದುರಾಳಿ ಹೇಗೆ ಆಡುತ್ತಾರೋ ಹಾಗೇ ಆಡಿ ತಮ್ಮ ತಂಡದವರಿಗೆ ತೋರಿಸುವುದು. ಈ ವಾರ ಒಬ್ಬರ ಹಾಗೆ ಓಡಬೇಕು, ಮುಂದಿನ ವಾರ ಇನ್ನೊಬ್ಬರ ಹಾಗೆ. ಕೋಚ್ ಆಡಿದ ವರ್ಷಗಳಲ್ಲಿ ಜಾಸ್ತಿ ಮಾಡಿದ್ದು ಇದೇ ಕೆಲಸ. ನಾನು ಬೇರೆಯವರ ಆಟ ನೋಡಿ ನೋಡಿಯೇ ಸಂಬಳ ತಗೊಂಡೆ ಅಂದರು. ಬೇಜಾರಿನಿಂದ ಹೇಳಿದ ಮಾತಲ್ಲ ಅದು. ನೋಡುವುದನ್ನು ಕಲಿತದ್ದೇ ಈಗ ಅನ್ನಕ್ಕೆ ದಾರಿ ಆಗಿದೆ ಅಂತ ಖುಷಿಯಿಂದಲೇ ಹೇಳಿದರು.

ನನ್ನ ತಮ್ಮ ಹ್ಯೂಸ್ಟನ್‌ನಲ್ಲಿ ಇದ್ದಾನೆ, ಅವನಿಂದಲೇ ನಮ್ಮ ಮನೆಗೆ ಈ ಆಟದ ಹುಚ್ಚು ಅಂಟಿದ್ದು. ಅವನಿಗೆ ಇದನ್ನು ಹೇಳಿದಾಗ ಅವನು ಡಗ್ ಪೀಡರ್ಸನ್ ಕಥೆ ತೆಗೆದ. ಪೀಡರ್ಸನ್ ಗ್ರೀನ್ ಬೇ ತಂಡದಲ್ಲಿ ಬ್ರೆಟ್ ಫಾರ್ವ್ ಅನ್ನುವ ದೊಡ್ಡ ಆಟಗಾರನ ಹಿಂದೆ, ಚೆಂಡು ಎಸೆದು ಆಟ ನಡೆಸುವ ಜಾಗಕ್ಕೆ ಬದಲಿ ಕ್ವಾರ್ಟರ್‌ಬ್ಯಾಕ್ ಆಗಿ ಕೂತಿದ್ದವರು. ಆಟ ಬಿಟ್ಟ ಮೇಲೆ 2005ರಿಂದ 2008ರವರೆಗೆ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಒಂದು ಹೈಸ್ಕೂಲ್ ತಂಡಕ್ಕೆ ಕೋಚ್ ಆಗಿದ್ದರು. ಹೈಸ್ಕೂಲ್! ಆಮೇಲೆ 2009ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಸೇರಿದರು, ಅದೂ ಕೆಳಗಿನ ಮೆಟ್ಟಿಲಿನ ಕೆಲಸಕ್ಕೆ. 2018ರ ಫೆಬ್ರವರಿಯಲ್ಲಿ ಅದೇ ಈಗಲ್ಸ್‌ನ ಮುಖ್ಯ ಕೋಚ್ ಆಗಿ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು, 41-33ಕ್ಕೆ.

ಆ ಕೆಳಗಿನ ಕೆಲಸಕ್ಕೆ ಅಲ್ಲಿ ಕ್ವಾಲಿಟಿ ಕಂಟ್ರೋಲ್ ಅಂತಾರೆ. ಹೆಸರು ಕಾರ್ಖಾನೆಯದ್ದರ ಥರ ಇದೆ, ಕೆಲಸ ಮಾತ್ರ ಇಡೀ ದಿನ ವಿಡಿಯೊ ಮುಂದೆ ಕೂರೋದು. ಎದುರಾಳಿ ಯಾವ ಸಂದರ್ಭದಲ್ಲಿ ಏನು ಆಡುತ್ತಾರೆ, ಮೂರನೇ ಅವಕಾಶದಲ್ಲಿ ದೂರ ಜಾಸ್ತಿ ಉಳಿದಿದ್ದರೆ ಎಲ್ಲಿಗೆ ಎಸೆಯುತ್ತಾರೆ, ಎಲ್ಲ ಎಣಿಸಿ ಬರೆದು, ಅಭ್ಯಾಸಕ್ಕೆ ಬೇಕಾದ ಚಿತ್ರ ಬಿಡಿಸಿ ಕೊಡಬೇಕು. ಮೈದಾನದಲ್ಲಿ ಹೆಸರು ಮಾಡಿದವರು ಇಂಥ ಗುಮಾಸ್ತೆ ಕೆಲಸಕ್ಕೆ ಕೂರೋದು ಸುಲಭ ಅಲ್ಲ. ಆದರೆ ಕೂತವರು ಇದ್ದಾರೆ. ತಮ್ಮನ ಊರಿನ ಡೆಮಿಕೊ ರಯನ್ಸ್ 2006ರಲ್ಲಿ ಹ್ಯೂಸ್ಟನ್ ಟೆಕ್ಸಾನ್ಸ್‌ಗೆ ಬಂದ ವರ್ಷವೇ ರಕ್ಷಣಾ ಆಟದಲ್ಲಿ ವರ್ಷದ ಹೊಸ ಆಟಗಾರ ಅನ್ನಿಸಿಕೊಂಡವರು. ಅಂಥವರು 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದಲ್ಲಿ ಇದೇ ಕ್ವಾಲಿಟಿ ಕಂಟ್ರೋಲ್ ಕೆಲಸದಿಂದ ಶುರು ಮಾಡಿದರು. ಮರುವರ್ಷ ರಕ್ಷಣೆಯ ಮುಂದಿನ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳ ಕೋಚ್, 2021ರಲ್ಲಿ ಇಡೀ ರಕ್ಷಣೆಯ ಹೊಣೆ, 2023ರಲ್ಲಿ ತಾವು ಆಡಿದ ಟೆಕ್ಸಾನ್ಸ್‌ಗೇ ಮುಖ್ಯ ಕೋಚ್. ಹಿಂದಿನ ವರ್ಷ ಬರೀ 3 ಮ್ಯಾಚ್ ಗೆದ್ದಿದ್ದ ತಂಡ ಅವರ ಮೊದಲ ವರ್ಷವೇ 10 ಗೆದ್ದಿತು. ತಮ್ಮ ಆ ವರ್ಷ ಫೋನ್ ಮಾಡಿದರೆ ಬೇರೆ ಮಾತೇ ಇರಲಿಲ್ಲ.

ಮೆಟ್ಟಿಲು ಹತ್ತದೆ ನೇರ ಮೇಲೆ ಕೂತರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಜೆಫ್ ಸ್ಯಾಟರ್ಡೇ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಬಹಳ ದೊಡ್ಡ ಆಟಗಾರ. 2022ರ ನವೆಂಬರ್‌ನಲ್ಲಿ ಟಿವಿ ವಿಶ್ಲೇಷಕರಾಗಿದ್ದವರನ್ನು ಕರೆದು ಅರ್ಧ ಸೀಸನ್‌ಗೆ ಹಂಗಾಮಿ ಮುಖ್ಯ ಕೋಚ್ ಮಾಡಿದರು. ಅವರಿಗೆ ಇದ್ದದ್ದು ಹೈಸ್ಕೂಲ್ ಕೋಚಿಂಗ್ ಅನುಭವ ಮಾತ್ರ. ಮೊದಲ ಮ್ಯಾಚ್ ಗೆದ್ದರು, ಆಮೇಲಿನ ಏಳೂ ಸೋತರು. ಪಾಪ, ಅವರನ್ನು ಬೈಯೋದು ನ್ಯಾಯ ಅಲ್ಲ, ಕೂರಿಸಿದವರು ಯೋಚನೆ ಮಾಡಬೇಕಿತ್ತು. ಇನ್ನು ಬಾರ್ಟ್ ಸ್ಟಾರ್. ಮೊದಲ ಎರಡು ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್. ಅದೇ ಗ್ರೀನ್ ಬೇ ತಂಡಕ್ಕೆ 1975ರಿಂದ 1983ರವರೆಗೆ ಕೋಚ್ ಆದಾಗ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಆ ಕಡೆ ಬಿಲ್ ಬೆಲಿಚಿಕ್ ಎನ್‌ಎಫ್‌ಎಲ್‌ನಲ್ಲಿ ಒಂದು ಮ್ಯಾಚೂ ಆಡಿದವರಲ್ಲ, ಮುಖ್ಯ ಕೋಚ್ ಆಗಿ 6 ಸೂಪರ್ ಬೌಲ್ ಗೆದ್ದಿದ್ದಾರೆ.

ನಮ್ಮಲ್ಲೂ ಇದೆ. ಕರ್ನಾಟಕದ ಕಬಡ್ಡಿಯ ಬಿ.ಸಿ. ರಮೇಶ್ ಅರ್ಜುನ ಪ್ರಶಸ್ತಿ ಪಡೆದ ಆಟಗಾರ, ಆಮೇಲೆ ಪ್ರೊ ಕಬಡ್ಡಿಯಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಕೋಚ್ ಆಗಿ ಕಪ್ ಗೆಲ್ಲಿಸಿಕೊಟ್ಟರು. ದ್ರಾವಿಡ್ ಕೂಡ ಸೀದಾ ಭಾರತ ತಂಡಕ್ಕೆ ಬರಲಿಲ್ಲ, 19ರ ಕೆಳಗಿನ ಹುಡುಗರ ಜೊತೆ ವರ್ಷಗಟ್ಟಲೆ ಇದ್ದು ಬಂದವರು. ಎಲ್ಲ ಆಟಗಾರರೂ ಕೋಚೇ ಆಗಬೇಕು ಅಂತಲೂ ಇಲ್ಲ. ನಮ್ಮೂರ ಶ್ರೀನಾಥ್ ಮ್ಯಾಚ್ ರೆಫರಿಯಾಗಿ ಎಷ್ಟು ಒಳ್ಳೆಯ ಹೆಸರು ಮಾಡಿದ್ದಾರೆ, ಅಲ್ವಾ?

ಸರಿ, ನಮ್ಮ ಮೈದಾನಕ್ಕೆ ವಾಪಸ್. ಆ ಗುಮಾಸ್ತೆ ಕೆಲಸದ ಗುಣ ಈ ಕೋಚ್‌ನಲ್ಲಿ ಎದ್ದು ಕಾಣುತ್ತದೆ. ಒಂದು ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ಆಟವನ್ನೆಲ್ಲ ರೆಕಾರ್ಡ್ ಮಾಡುತ್ತಾರೆ. ಭಾನುವಾರ ಕೊನೆಯ ಇಪ್ಪತ್ತು ನಿಮಿಷ ಶಾಲೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಮಕ್ಕಳಿಗೆ ತೋರಿಸುತ್ತಾರೆ. ತಪ್ಪು ಮಾಡಿದ ಮಗುವಿನ ಹೆಸರು ಹೇಳುವುದಿಲ್ಲ. ಇಲ್ಲಿ ಯಾರು ಖಾಲಿ ಇದ್ದರು, ಚೆಂಡು ಎಲ್ಲಿಗೆ ಹೋಗಬೇಕಿತ್ತು ಅಂತ ಮಕ್ಕಳನ್ನೇ ಕೇಳುತ್ತಾರೆ. ಮೊದಮೊದಲು ಎಲ್ಲರೂ ಸುಮ್ನೆ ಕೂರುತ್ತಿದ್ದರು. ಈಗ ಕಿತ್ತಾಡಿಕೊಂಡು ಉತ್ತರ ಹೇಳುತ್ತಾರೆ. ಅಣ್ಣ ಒಮ್ಮೊಮ್ಮೆ ಕೋಚ್ ಮಾತನ್ನೇ ಒಪ್ಪದೆ ಬೇರೆ ಹೇಳುತ್ತಾನೆ, ಕೋಚ್ ಕೂತು ಕೇಳುತ್ತಾರೆ, ಅದು ಮಕ್ಕಳ ಎದುರಿಗೇ ನಡೆಯುತ್ತದೆ. ಇದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಓಡುವ ದಾರಿಗಳನ್ನು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಬರೆದು ನಂಬರ್ ಕೊಟ್ಟಿದ್ದಾರೆ. ಯಾರು ಯಾವ ನಂಬರಿನ ದಾರಿ ಹಿಡಿಯಬೇಕು ಅನ್ನೋದು ಮಣಿಕಟ್ಟಿಗೆ ಕಟ್ಟಿದ ಚೀಟಿಯಲ್ಲಿ ಇರುತ್ತದೆ. ಮಗಳು ಸ್ಕೂಲಿನ ಮಗ್ಗಿಗಿಂತ ಬೇಗ ಇದನ್ನು ಬಾಯಿಪಾಠ ಮಾಡಿದಳು. ಎಲ್ಲರೂ ಎಲ್ಲ ಜಾಗದಲ್ಲೂ ಆಡಲೇಬೇಕು. ಚೆನ್ನಾಗಿ ಎಸೆಯುವ ಹುಡುಗನೇ ಯಾವಾಗಲೂ ಕ್ವಾರ್ಟರ್‌ಬ್ಯಾಕ್ ಅಂತ ಇಲ್ಲ. ಇದಕ್ಕೆ ಕೆಲವು ಅಪ್ಪಂದಿರಿಗೆ ಅಸಮಾಧಾನ ಇದೆ. ನಮ್ಮ ಹುಡುಗನ ಕೈ ಚೆನ್ನಾಗಿದೆ, ಅವನಿಗೇ ಕೊಡಿ ಅಂತಾರೆ. ಕೋಚ್ ಜಗ್ಗಿಲ್ಲ, ಜಗ್ಗಬಾರದು ಕೂಡ. ಈ ವಯಸ್ಸಿಗೆ ಒಂದೇ ಜಾಗಕ್ಕೆ ಕಟ್ಟಿಹಾಕಿದರೆ ಆಟ ಅರ್ಥ ಆಗೋದು ಯಾವಾಗ?

ನಮ್ಮ ಮಕ್ಕಳ ಆಟಗಳು ಇಲ್ಲಿ ಹೇಗೆ ಕೆಲಸಕ್ಕೆ ಬರುತ್ತವೆ ಅಂತ ನೋಡೋದೇ ಒಂದು ಸಂತೋಷ. ಪಟ್ಟಿ ಕೀಳಬೇಕಾದರೆ ಎದುರಿನವರ ಕಣ್ಣು ನೋಡಬೇಡ, ಸೊಂಟ ನೋಡು, ತಲೆ ಭುಜ ಎಲ್ಲ ಮೋಸ ಮಾಡುತ್ತೆ, ಸೊಂಟ ಮಾಡಲ್ಲ ಅಂತ ಕೋಚ್ ಕಲಿಸುತ್ತಾರೆ. ಖೋಖೋ ಆಡಿದ ಹುಡುಗಿಯರನ್ನು ಮಾತ್ರ ಹಿಡಿಯೋದೇ ಕಷ್ಟ, ಕಂಬ ಸುತ್ತಿ ಸುತ್ತಿ ಅವರಿಗೆ ದಿಕ್ಕು ಬದಲಿಸೋದು ನೀರು ಕುಡಿದಷ್ಟು ಸುಲಭ. ಕಬಡ್ಡಿ ಆಡುವ ಮಂಡ್ಯ ಕಡೆಯ ಇಬ್ಬರು ಹುಡುಗರು ಇದ್ದಾರೆ. ಎದುರಿನವನ ಕಾಲು ಯಾವ ಕಡೆ ಹೋಗುತ್ತೆ ಅಂತ ಅವರಿಗೆ ಮೊದಲೇ ಗೊತ್ತಾಗುತ್ತದೆ. ಆದರೆ ಅಭ್ಯಾಸಬಲ, ಪಟ್ಟಿ ಬಿಟ್ಟು ತೊಡೆಗೇ ಕೈ ಹಾಕಿಬಿಡುತ್ತಾರೆ. "ಲೋ, ಪಟ್ಟಿ ಕಣ್ರೋ, ಮನುಷ್ಯನ್ನ ಅಲ್ಲ!" ಅಂತ ಅಣ್ಣ ಕೂಗುತ್ತಲೇ ಇರುತ್ತಾನೆ. ಅವರಿಗಾಗಿ ಕೋಚ್ ಬೇರೆಯೇ ಅಭ್ಯಾಸ ಮಾಡಿದ್ದಾರೆ, ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಇನ್ನೊಂದರಲ್ಲಿ ಪಟ್ಟಿ ಕೀಳೋದು. ಕೆಲಸ ಮಾಡಿದೆ. ಕೋಚ್ ಸ್ವತಃ ಒಂದು ಸಂಜೆ ಆ ಹುಡುಗರ ಜೊತೆ ಹೋಗಿ ಕಬಡ್ಡಿ ನೋಡಿಕೊಂಡು ಬಂದು, ನೋಟ್ ಪುಸ್ತಕದಲ್ಲಿ ಏನೇನೋ ಬರೆದುಕೊಂಡಿದ್ದಾರಂತೆ.

ಈಗ ದೂರುಗಳು. ದೊಡ್ಡದು ಶೌಚಾಲಯ. ರಜಾ ದಿನ ಶಾಲೆಯವರು ಬೀಗ ಹಾಕಿರುತ್ತಾರೆ, ಹೆಣ್ಣುಮಕ್ಕಳಿಗೆ ತುಂಬಾ ಕಷ್ಟ. ಸದ್ಯಕ್ಕೆ ಎದುರು ಮನೆಯ ಒಬ್ಬ ಅಜ್ಜಿ ದೊಡ್ಡ ಮನಸ್ಸು ಮಾಡಿ ಬಾಗಿಲು ತೆರೆದಿದ್ದಾರೆ, ಅದು ಎಷ್ಟು ದಿನ ಅಂತ? ಫೀಸ್ ತೆಗೆದುಕೊಂಡ ಮೇಲೆ ಇದನ್ನು ಸರಿ ಮಾಡೋದು ಕೋಚ್ ಜವಾಬ್ದಾರಿ. ಶಾಲೆಯವರ ಹತ್ತಿರ ಬೀಗದ ಕೈ ಕೇಳಿ ಪಡೆಯಬೇಕು. ನಾವು ಅಮ್ಮಂದಿರು ಹೇಳಿದ್ದೇವೆ, ಹೇಳುತ್ತಲೇ ಇರುತ್ತೇವೆ.

ಎರಡನೆಯದು, ಹೊರಗಿನ ತಂಡಗಳ ಜೊತೆ ಮ್ಯಾಚ್ ಇಲ್ಲ. ಅದೇ ಮಕ್ಕಳು ಅದೇ ಮಕ್ಕಳ ಜೊತೆ ಆಡಿ ಆಡಿ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಾಗಿಬಿಟ್ಟಿದೆ. ಬೆಂಗಳೂರಿಗೆ ಕರೆದುಕೊಂಡು ಹೋಗುವ ಮಾತು ನಡೆದಿದೆ, ಇನ್ನೂ ಆಗಿಲ್ಲ. 14 ದಾಟಿದ ಮಕ್ಕಳಿಗೆ ಇದು ನಿಜವಾದ ಕೊರತೆ, ಅವರಿಗೆ ಬೇಗ ಬೇಜಾರಾಗುತ್ತದೆ.

ಮೆಸೇಜ್‌ಗಳೆಲ್ಲ ಇಂಗ್ಲಿಷ್‌ನಲ್ಲಿ ಬರುತ್ತವೆ. ಅಣ್ಣ ಆಮೇಲೆ ಕನ್ನಡದಲ್ಲಿ ವಾಯ್ಸ್ ಹಾಕುತ್ತಾನೆ, ಕೆಲವು ಸಲ ಮಾರನೇ ದಿನ. ಮಳೆಗೆ ಕ್ಲಾಸ್ ರದ್ದಾದ ಸುದ್ದಿ ತಡವಾಗಿ ತಲುಪಿ, ಕೂಲಿಗೆ ಹೋಗುವ ಒಬ್ಬರು ಮಗನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಸುಮ್ನೆ ಬಂದು ವಾಪಸ್ ಹೋದರು. ಮೊದಲೇ ಕನ್ನಡದಲ್ಲಿ ಹಾಕಿದರೆ ಏನು ಕಷ್ಟ? ಚೆಂಡುಗಳೂ ಸಾಲದು. ಮಕ್ಕಳ ಅಳತೆಯ ಚೆಂಡು ಇಲ್ಲಿಯ ಅಂಗಡಿಗಳಲ್ಲಿ ಸಿಗಲ್ಲ, ಯಾರಾದರೂ ಅಮೆರಿಕದಿಂದ ಬರುವಾಗ ತರಬೇಕು. ನನ್ನ ತಮ್ಮನಿಗೂ ಹೇಳಿದ್ದೇನೆ.

ಫೀಸ್ ತಿಂಗಳಿಗೆ 1,200 ರೂಪಾಯಿ. ಸರ್ಕಾರಿ ಶಾಲೆ ಮಕ್ಕಳಿಗೆ ಫೀಸ್ ಇಲ್ಲ, ಆದರೆ ಯಾರು ಕೊಡುತ್ತಾರೆ, ಯಾರು ಕೊಡಲ್ಲ ಅನ್ನೋದು ಮಕ್ಕಳಿಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದಾರೆ. ಬೆಲ್ಟು, ಪಟ್ಟಿ, ಚೆಂಡು ಅವರದ್ದೇ. ಶೂ ಮಾತ್ರ ನಿಮ್ಮದು, ಸ್ಕೂಲಿನ ಕ್ಯಾನ್ವಾಸ್ ಶೂ ಸಾಕು, ದುಬಾರಿಯದು ಕೊಡಿಸಬೇಡಿ. ಜೇಬು ಇಲ್ಲದ ಚಡ್ಡಿ ಅಥವಾ ಪ್ಯಾಂಟ್ ಹಾಕಿ ಕಳಿಸಿ, ಪಟ್ಟಿ ಕೀಳುವಾಗ ಬೆರಳು ಜೇಬಿಗೆ ಸಿಕ್ಕಿಕೊಂಡು ಉಳುಕುತ್ತದೆ. ನೀರು ದೊಡ್ಡ ಬಾಟಲಿಯಲ್ಲೇ ಕೊಡಿ. ದಸರಾ ರಜೆಯಲ್ಲಿ ಕ್ಲಾಸ್ ಇಲ್ಲ, ಪರೀಕ್ಷೆ ತಿಂಗಳಲ್ಲಿ ಭಾನುವಾರ ಮಾತ್ರ.

ಕಟ್ಟುವ ಮೊದಲು ಒಂದು ದಿನ ಮಗುವನ್ನು ಕರೆದುಕೊಂಡು ಹೋಗಿ ಆಡಿಸಿ ನೋಡಬಹುದು, ಅದಕ್ಕೆ ದುಡ್ಡು ಕೇಳಲ್ಲ. ಆರೂ ಇಪ್ಪತ್ತಕ್ಕೇ ಅಲ್ಲಿರಿ. ತಡವಾಗಿ ಬಂದವರನ್ನು ಮೊದಲ ಸುತ್ತಿಗೆ ಸೇರಿಸಿಕೊಳ್ಳುವುದಿಲ್ಲ, ಅಪ್ಪ ಅಮ್ಮ ಎಷ್ಟೇ ಕಾರಣ ಹೇಳಿದರೂ.